ಜುಲೈ ಮಳೆಗೆ ಪಾಪು ಬರುತ್ತೆ, ಬಟ್ಟೆ ಲಂಗೋಟಿಯಲ್ಲೇ ನಿಭಾಯಿಸಬಹುದಾ?

ಚೊಚ್ಚಲ ಬಸುರಿ:
ಎಲ್ಲರಿಗೂ ನಮಸ್ಕಾರ. ನನಗಿದು ಮೊದಲನೆಯದು, ಈಗ ಆರು ತಿಂಗಳು, ಜುಲೈ ಎರಡನೇ ವಾರಕ್ಕೆ ಡೇಟ್ ಕೊಟ್ಟಿದ್ದಾರೆ. ಇರುವುದು ಬೆಂಗಳೂರಲ್ಲಿ. ಬಾಣಂತನ ತವರಲ್ಲಿ, ಸಾಗರದ ಹತ್ತಿರದ ಹಳ್ಳಿ. ವಾಂತಿ, ಸುಸ್ತು ಎಲ್ಲ ಮುಗಿದು ಈಗ ಊಟ ಸೇರುತ್ತಿದೆ. ರಾತ್ರಿ ಎಡಮಗ್ಗುಲಿಗೆ ಮಲಗಿದ ತಕ್ಷಣ ಪಾಪು ಒದೆಯಲು ಶುರು ಮಾಡುತ್ತದೆ, ಆಗ ನಿದ್ದೆ ಬಿಟ್ಟು ಇದನ್ನೇ ಯೋಚಿಸುತ್ತಾ ಇರುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿನ ಕೆಂಪು ಡಬ್ಬ ಬೆಳಗಾದರೆ ಪೇಪರ್‌ನಲ್ಲಿ ಸುತ್ತಿದ ಡೈಪರ್‌ಗಳಿಂದ ತುಂಬಿರುತ್ತದೆ. ಇಲ್ಲಾದರೆ ಕಸದ ಗಾಡಿಯಾದರೂ ಬರುತ್ತದೆ, ತವರಿನ ತೋಟದ ಮನೆಗೆ ಅದೂ ಬರಲ್ಲ. ಒಂದೋ ಸುಡಬೇಕು, ಇಲ್ಲ ಗುಂಡಿಗೆ ಹಾಕಬೇಕು. ಪ್ಲಾಸ್ಟಿಕ್ ಸುಟ್ಟ ಹೊಗೆ ನನ್ನ ಮಗುವಿಗೇ ಕುಡಿಸುವುದಾ? ಅದಕ್ಕೆ ಬಟ್ಟೆಯಲ್ಲೇ ಮಾಡೋಣ ಅಂತ ಆಸೆ. ಅಮ್ಮ ಹಳೇ ಸೀರೆ ಸಾಕು ಅನ್ನುತ್ತಾರೆ, ಅತ್ತಿಗೆ ಈ ಕಾಲದಲ್ಲಿ ಯಾರು ಒಗೀತಾರೆ ಅನ್ನುತ್ತಾರೆ, ಇವರು ಆನ್‌ಲೈನಲ್ಲಿ ಆರ್ಗ್ಯಾನಿಕ್ ಅಂತ ಬರೆದಿರುವ ಸಾವಿರಾರು ರೂಪಾಯಿಯ ಸೆಟ್ ತೋರಿಸುತ್ತಾರೆ. ನಿಜವಾಗಿ ಏನು ಬೇಕು? ಎಷ್ಟು ಬೇಕು? ಆ ಮಳೆಯಲ್ಲಿ ಒಣಗಿಸುವುದು ಹೇಗೆ?

ತೀರ್ಥಹಳ್ಳಿ ಅಕ್ಕ:
ತಂಗಿ, ಆ ಸೆಟ್ ಬೇಡ. ಪರಿಸರಕ್ಕೆ ಒಳ್ಳೆಯದು ಅಂತ ಹೊಸದಾಗಿ ಇಪ್ಪತ್ತು ಸಾಮಾನು ಕೊಳ್ಳುವುದರಲ್ಲಿ ಅರ್ಥ ಇಲ್ಲ. ನಿಮ್ಮ ಅಮ್ಮ ಹೇಳಿದ್ದೇ ಸರಿ. ಎಳೆ ಮಗು ದಿನಕ್ಕೆ 10-12 ಸಲ ಒದ್ದೆ ಮಾಡುತ್ತದೆ, ಬಿಸಿಲುಕಾಲವಾದರೆ ಎರಡು ಡಜನ್ ತುಂಡಿನಲ್ಲಿ ಮುಗಿಯುತ್ತದೆ. ಆದರೆ ಪುನರ್ವಸು, ಪುಷ್ಯ ಮಳೆ ಹಿಡಿದುಕೊಂಡರೆ ನಮ್ಮ ಕಡೆ ಮೂರು ದಿನವಾದರೂ ಬಟ್ಟೆ ತಣ್ಣಗೇ ಇರುತ್ತದೆ ಅಂತ ನಿಮಗೇ ಗೊತ್ತಲ್ವಾ. ಅದಕ್ಕೆ 50-60 ಇಟ್ಟುಕೊಳ್ಳಿ. ಅಪ್ಪನ ಹಳೇ ಪಂಚೆ, ಅಮ್ಮನ ಕಾಟನ್ ಸೀರೆ ಸಾಕು. ಒಂದು ಸೀರೆಯಲ್ಲಿ 65 ಸೆಂಟಿಮೀಟರಿನ ಎಂಟು ಚೌಕ ಸಿಗುತ್ತದೆ, ಉಳಿದ ಉದ್ದನೆಯ ಪಟ್ಟಿ ಒರೆಸುವುದಕ್ಕೆ ಆಗುತ್ತದೆ. ಅಂಚು ಮತ್ತು ಜರಿ ಕತ್ತರಿಸಿಬಿಡಿ, ಎಳೆ ತೊಡೆಗೆ ಉಜ್ಜುತ್ತದೆ. ಪಾಲಿಯೆಸ್ಟರ್ ಬೆರಕೆ ಇರುವುದು ಬೇಡ, ನೀರು ಹೀರುವುದಿಲ್ಲ.

ಕತ್ತರಿಸುವುದು, ಒಗೆಯುವುದು ಎಲ್ಲ ಈಗಲೇ, ಬೇಸಿಗೆ ಬಿಸಿಲಿರುವಾಗಲೇ ಮುಗಿಸಿ. ಮಳೆಯಲ್ಲಿ ಮೊದಲು ವಾಷಿಂಗ್ ಮೆಷಿನ್ ಸ್ಪಿನ್‌ನಲ್ಲಿ ಚೆನ್ನಾಗಿ ಹಿಂಡಿಸಿ, ಆಮೇಲೆ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿ. ಸೌದೆ ಉರಿಯುವಾಗ ಹಾಕಬೇಡಿ, ಬಟ್ಟೆಯೆಲ್ಲ ಹೊಗೆ ವಾಸನೆ. ಉರಿ ಆರಿ ಬರೀ ಕೆಂಡ ಇರುವಾಗ ಹಾಕಿದರೆ ಬೆಳಗ್ಗೆ ಹೊತ್ತಿಗೆ ಮುಕ್ಕಾಲು ಒಣಗಿರುತ್ತದೆ. ಉಳಿದ ತೇವಕ್ಕೆ ಇಸ್ತ್ರಿ. ಕೈಗೆ ತಂಪು ತಾಗುವ ಬಟ್ಟೆ ಮಗುವಿಗೆ ಕಟ್ಟಲೇಬಾರದು, ಕೆಂಪಗೆ ಗುಳ್ಳೆ ಏಳುತ್ತದೆ.

ಎರಡು ಮಕ್ಕಳ ಅಪ್ಪ:
ಒಗೆಯುವವರು ಯಾರು ಅಂತ ಯಾರೂ ಕೇಳಲೇ ಇಲ್ಲ. ಬಾಣಂತಿ ತಣ್ಣೀರು ಮುಟ್ಟಬಾರದು ಅನ್ನುತ್ತಾರೆ, ಕೊನೆಗೆ ಅಡುಗೆ, ಎಣ್ಣೆನೀರು, ಲಂಗೋಟಿ ಎಲ್ಲ ಬೀಳುವುದು ಅಜ್ಜಿಯಾದವರ ಸೊಂಟದ ಮೇಲೆ. ನಿಮ್ಮವರ ಹತ್ತಿರ ಈಗಲೇ ಕೂತು ಮಾತಾಡಿ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಖಾಸಗಿಯಲ್ಲಿ ಕಂಪನಿ ನಿಯಮ ನೋಡಬೇಕು. ರಜೆ ಸಿಕ್ಕಿದಷ್ಟು ದಿನ ಊರಿಗೆ ಬಂದು ಬಕೆಟ್ ಅವರೇ ಹಿಡಿಯಲಿ. ಅದು ಸಹಾಯ ಅಲ್ಲ, ಅವರ ಮಗುವಿನ ಕೆಲಸ. ಕಕ್ಕ ಆದದ್ದನ್ನು ಮೊದಲು ಟಾಯ್ಲೆಟ್ಟಿಗೆ ತೊಳೆದು, ತಣ್ಣೀರಲ್ಲಿ ಜಾಲಿಸಿ, ಆಮೇಲೆ ಸೋಪು ಹಾಕಬೇಕು. ಘಮ ಬರುವ ಸಾಫ್ಟ್‌ನರ್ ಹಾಕಬೇಡಿ, ಬಟ್ಟೆ ಹೀರುವ ಗುಣ ಕಡಿಮೆಯಾಗುತ್ತದೆ. ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ.

ಇನ್ನೊಂದು ಮಾತು. ಪ್ರಯಾಣಕ್ಕೆ, ಜಾಸ್ತಿ ಸುಸ್ತಾದ ರಾತ್ರಿಗೆ ಒಂದು ಡೈಪರ್ ಹಾಕಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸುಡಬೇಡಿ ಅಷ್ಟೇ. ಸುತ್ತಿಟ್ಟು ಪೇಟೆಗೆ ಹೋಗುವವರ ಕೈಲಿ ಕಸದ ಗಾಡಿಗೆ ಕಳಿಸಿ.

ಮಕ್ಕಳ ವಾರ್ಡ್ ನರ್ಸ್:
ಹಳೇ ಸೀರೆ ಅಂದಿರಲ್ಲ, ದಯವಿಟ್ಟು ಇದನ್ನು ಓದಿ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಬಟ್ಟೆಯನ್ನು ಹಾಗೇ ಮಗುವಿಗೆ ಸುತ್ತಬೇಡಿ. ಅದರಲ್ಲಿರುವ ನ್ಯಾಫ್ತಲೀನ್‌ನಿಂದ, ಜಿ6ಪಿಡಿ (ರಕ್ತದ ಕೆಂಪು ಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ರಕ್ತಕಣ ಒಡೆದು ಕಾಮಾಲೆ ಜೋರಾಗುತ್ತದೆ. ಕೊರತೆ ಇದೆಯೋ ಇಲ್ಲವೋ ನೋಡಿದರೆ ಗೊತ್ತಾಗಲ್ಲ. ಆ ಗುಳಿಗೆಯ ಜೊತೆ ಇಟ್ಟಿರದ ಬಟ್ಟೆಯನ್ನೇ ಆರಿಸಿ. ಮಗು ಇರುವ ಕೋಣೆಯ ಬೀರುವಿನಲ್ಲೂ ಅದು ಬೇಡ.

ನೈಸರ್ಗಿಕ ಅಂತ ಎಲ್ಲವೂ ಒಳ್ಳೆಯದಲ್ಲ. ಬಜೆ ತೇಯ್ದು ನೆಕ್ಕಿಸುವುದು, ಜೇನು, ಕಣ್ಣಿಗೆ ಕಾಡಿಗೆ, ಕೋಣೆ ತುಂಬಾ ಸಾಮ್ರಾಣಿ ಹೊಗೆ, ಎಲ್ಲ ಬಿಡಿ. ಹೆರಿಗೆಯಾದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ಬರೀ ಎದೆಹಾಲು. ಡಬ್ಬಿ, ಬಾಟಲಿ, ಕುದಿಸುವ ಗ್ಯಾಸು ಯಾವುದೂ ಬೇಡದ ಊಟ ಅದು. ಹಾಲಿನ ಪುಡಿಯ ಜಾಹೀರಾತನ್ನೇ ನಮ್ಮ ದೇಶದಲ್ಲಿ 1992ರ ಕಾಯ್ದೆ ತಡೆದಿದೆ. ಹಾಲು ಸಾಲದೆ ಡಾಕ್ಟರೇ ಪುಡಿ ಕೊಡಿ ಅಂದರೆ ಮಾತ್ರ ಹಿಂಜರಿಯಬೇಡಿ, ಮಗುವಿನ ತೂಕ ಮುಖ್ಯ. ತವರಿಗೆ ಹೊರಡುವಾಗ ತಾಯಿ ಕಾರ್ಡ್ ಮರೆಯಬೇಡಿ, ಅಲ್ಲಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ.

ಚೊಚ್ಚಲ ಬಸುರಿ:
ನುಸಿಗುಳಿಗೆ ವಿಷಯ ಗೊತ್ತೇ ಇರಲಿಲ್ಲ, ಅಮ್ಮನಿಗೆ ಈಗಲೇ ಫೋನ್ ಮಾಡಿದೆ. ಇವರಿಗೂ ಎಲ್ಲ ಓದಿಸಿದೆ, ರಜೆ ವಿಚಾರಿಸುತ್ತೇನೆ ಅಂದಿದ್ದಾರೆ. ಸೀಮಂತಕ್ಕೆ ಬರುವವರು ಏನು ತರಲಿ ಅಂತ ಕೇಳುತ್ತಿದ್ದಾರೆ. ಸುಮ್ನೆ ಪ್ಲಾಸ್ಟಿಕ್ ಆಟಿಕೆ ಬಂದು ಬೀಳುವುದು ಬೇಡ. ಏನು ಹೇಳಲಿ?

ಧಾರವಾಡದ ಚಿಗವ್ವ:
ಕೌದಿ ಕೇಳಿ. ನಮ್ಮ ಕಡೆ ಮೊಮ್ಮಗುವಿಗೆ ಅಜ್ಜಿಯೇ ಹಳೇ ಸೀರೆ ಪದರ ಹಾಕಿ ಕೈಹೊಲಿಗೆ ಹಾಕುತ್ತಾರೆ. ನಿಮ್ಮಲ್ಲಿ ಮಳೆ ಅಲ್ವಾ, ಅದಕ್ಕೆ ಎರಡೇ ಪದರದ ಸಣ್ಣವು ನಾಲ್ಕೈದು ಹೊಲಿಸಿಕೊಳ್ಳಿ, ದಪ್ಪ ಕೌದಿ ಒದ್ದೆಯಾದರೆ ಒಣಗುವುದಿಲ್ಲ. ಹೊಲಿಗೆ ಬಾರದವರು ಚನ್ನಪಟ್ಟಣದ ಗಿಲಕಿ ತರಲಿ. ಆಲೆ ಮರದಲ್ಲಿ ಕಡೆದು ಅರಗು ಹಚ್ಚಿದ್ದು, ತರಕಾರಿ ಬಣ್ಣದ್ದೇ ಬೇಕು ಅಂತ ಅಂಗಡಿಯಲ್ಲಿ ಕೇಳಿ ತರಬೇಕು, ಮಗು ಬಾಯಿಗೆ ಇಟ್ಟುಕೊಳ್ಳುತ್ತದೆ. ಮೊದಲ ಮೂರು ತಿಂಗಳು ಅದೂ ಬೇಕಾಗಲ್ಲ. ಕುಂಚಿಗೆ, ಹಳೇ ಅಂಗಿ ಅಕ್ಕಪಕ್ಕದ ಮನೆಯಿಂದ ಬಂದರೆ ಬೇಡ ಅನ್ನಬೇಡಿ, ಹತ್ತಾರು ಸಲ ಒಗೆದದ್ದು ಹೊಸದಕ್ಕಿಂತ ಮೆತ್ತಗಿರುತ್ತದೆ. ತೊಟ್ಟಿಲನ್ನಂತೂ ಕೊಳ್ಳಬೇಡಿ. ನೆಂಟರ ಪೈಕಿ ಯಾರದಾದರೂ ಅಟ್ಟದ ಮೇಲೆ ಒಂದು ಇದ್ದೇ ಇರುತ್ತದೆ, ಇಳಿಸಿ ತೊಳೆದು, ಹಗ್ಗ ಹೊಸದು ಹಾಕಿ, ಕೊಂಡಿ ಸವೆದಿದೆಯಾ ನೋಡಿಸಿ.