ತಂಗಿ ಮದುವೆಗೆ ವಿಮಾನದಲ್ಲಿ ಮೂರು ದಿನದ ಓಡಾಟ: ಅಮ್ಮ, ಪುಟ್ಟ ಮಗು, ಮದುವೆ ಬಟ್ಟೆ ಎಲ್ಲ ಹೇಗೆ ಕರೆದುಕೊಂಡು ಹೋಗಲಿ?

ದೊಡ್ಡಮಗಳು ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನನ್ನ ತಂಗಿ ಮದುವೆ. ನಾವು ನಾಲ್ಕು ಜನ ಹೊರಟಿದ್ದೇವೆ. ನಾನು, ನನ್ನ ಗಂಡ, 72 ವರ್ಷದ ಅಮ್ಮ, 14 ತಿಂಗಳ ಮಗಳು. ರಜೆ ಸಿಕ್ಕಿರುವುದು ಮೂರೇ ದಿನ, ಹಾಗಾಗಿ ವಿಮಾನ. ಎರಡೂವರೆ ಗಂಟೆಯ ಹಾರಾಟ.

ನನ್ನ ಭಯ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ತಮ್ಮನ ಮದುವೆಗೂ ಹೀಗೇ ಹೋಗಿದ್ದೆವು. ನಡುವೆ ಒಂದು ಕಡೆ ಇಳಿದು ಇನ್ನೊಂದು ವಿಮಾನ ಹತ್ತಬೇಕಿತ್ತು. ಮೊದಲನೆಯದು ತಡವಾಯಿತು. ನಾವು ಓಡಿ ಓಡಿ ಎರಡನೆಯದನ್ನು ಹಿಡಿದೆವು, ನಮ್ಮ ಬ್ಯಾಗು ಹತ್ತಲಿಲ್ಲ. ಅಮ್ಮನ ಬಟ್ಟೆಯೆಲ್ಲ ಆ ಒಂದೇ ಬ್ಯಾಗಿನಲ್ಲಿತ್ತು. ಅದು ಕೈಗೆ ಬಂದದ್ದು ಮದುವೆ ಮುಗಿದ ಮಾರನೇ ದಿನ. ಮಗನ ಮದುವೆಯಲ್ಲಿ ಅಮ್ಮ ಬೇರೆ ಯಾರದೋ ಬಟ್ಟೆ ಹಾಕಿಕೊಂಡು ನಿಂತರು. ಹೆಗಲ ಹತ್ತಿರ ತುಂಬಾ ಸಡಿಲ. ಹಿಂದೆ ನಾನೇ ಐದು ಪಿನ್ನು ಹಾಕಿದ್ದೆ. ಅಮ್ಮ ಒಂದು ಮಾತೂ ಆಡಲಿಲ್ಲ. ಆದರೆ ಆ ಆಲ್ಬಮ್ ತೆಗೆದು ನೋಡಿದರೆ ಎಲ್ಲ ಫೋಟೊದಲ್ಲೂ ಅವರ ಬಲಗೈ ಎಡ ಹೆಗಲ ಮೇಲಿದೆ. ಜಾರಿಬಿಡುತ್ತದೇನೋ ಅಂತ ಹಿಡಿದುಕೊಂಡೇ ಇದ್ದಾರೆ. ಮನೆಯಲ್ಲಿ ಬೇರೆಯವರು ಯಾರೂ ಅದನ್ನು ಗಮನಿಸಿಲ್ಲ. ನನಗೆ ಮಾತ್ರ ಆಲ್ಬಮ್ ತೆಗೆದಾಗಲೆಲ್ಲ ಮೊದಲು ಕಾಣುವುದು ಆ ಕೈ.

ಈ ಸಲ ಹಾಗಾಗಬಾರದು. ಮದುವೆ ದಿನ ಬೆಳಿಗ್ಗೆ ಹೋಗಿ ಇಳಿದರೆ ಸಾಕು ಅಂತ ಗಂಡ ಹೇಳುತ್ತಾರೆ. ಹಿಂದಿನ ದಿನವೇ ಹೋಗೋಣ ಅಂತ ನಾನು. ಬಟ್ಟೆ, ಒಡವೆ ಯಾವ ಬ್ಯಾಗಿನಲ್ಲಿ ಇಡಬೇಕು? ಮಗಳಿಗೆ ಇದು ಮೊದಲ ವಿಮಾನ, ಕಿವಿ ನೋವು ಬರುತ್ತದೆ ಅನ್ನುತ್ತಾರಲ್ಲ, ಅದಕ್ಕೆ ಏನು ಮಾಡುತ್ತೀರಿ? ಇನ್ನು ಅಮ್ಮನ ಎಡ ಮಂಡಿಗೆ ಆಪರೇಷನ್ ಆಗಿದೆ, ಒಳಗೆ ಲೋಹದ ಮಂಡಿ ಇದೆ. ಗಾಲಿಕುರ್ಚಿ ಹೇಳೋಣ ಅಂದರೆ "ನಾನೇನು ರೋಗಿನಾ?" ಅಂತ ಮುಖ ತಿರುಗಿಸುತ್ತಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇಕೌಂಟರ್ ಬರೆದಿದ್ದಾರೆ:

ನಾನು ಹನ್ನೊಂದು ವರ್ಷ ಚೆಕ್-ಇನ್ ಕೌಂಟರಿನಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಅಮ್ಮನ ಥರ ನಿಂತವರನ್ನು ತುಂಬಾ ಜನರನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಬ್ಯಾಗು ಕಳೆದುಹೋಯಿತು ಅಂತ ಜನ ಹೇಳುತ್ತಾರೆ. ಹೆಚ್ಚಿನವು ಕಳೆದುಹೋಗುವುದಿಲ್ಲ, ಹಿಂದೆ ಉಳಿದುಬಿಡುತ್ತವೆ. ಜಾಸ್ತಿ ಉಳಿಯುವುದು ವಿಮಾನ ಬದಲಿಸುವ ಜಾಗದಲ್ಲಿ. ಮನುಷ್ಯ ಓಡಬಹುದು, ಬ್ಯಾಗು ಒಂದು ವಿಮಾನದಿಂದ ಇಳಿದು, ವಿಂಗಡಣೆಯಾಗಿ, ಗಾಡಿ ಹತ್ತಿ ಇನ್ನೊಂದಕ್ಕೆ ಹೋಗಬೇಕು. ಹಾಗಾಗಿ ನೇರ ವಿಮಾನ ಇದ್ದರೆ ಅದನ್ನೇ ಹಿಡಿಯಿರಿ. ಬದಲಿಸಲೇಬೇಕಾದರೆ ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ಮಾಡಿಸಿ. ಬೇರೆ ಬೇರೆ ಟಿಕೆಟ್ ಆದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಎರಡನೇ ಏರ್‌ಲೈನ್ ಅದಕ್ಕೆ ಹೊಣೆ ಹೊರುವುದಿಲ್ಲ.

ದಿನದ ವಿಷಯದಲ್ಲಿ ನಿಮ್ಮ ಮಾತೇ ಸರಿ. ಹಿಂದಿನ ದಿನ ಹೋಗಿ, ಅದೂ ಬೆಳಗಿನ ಮೊದಲ ವಿಮಾನಕ್ಕೆ. ಒಂದೇ ವಿಮಾನ ದಿನಕ್ಕೆ ನಾಲ್ಕೈದು ಸಲ ಹೋಗಿ ಬರುತ್ತದೆ. ಬೆಳಿಗ್ಗೆ ಇಪ್ಪತ್ತು ನಿಮಿಷ ತಡವಾದದ್ದು ಸಂಜೆಗೆ ಒಂದೂವರೆ ಗಂಟೆ ಆಗಿರುತ್ತದೆ. ಮೊದಲನೆಯದು ರದ್ದಾದರೂ ನಿಮಗೆ ಇಡೀ ದಿನ ಕೈಯಲ್ಲಿರುತ್ತದೆ.

ಬಟ್ಟೆಯನ್ನು ಒಬ್ಬೊಬ್ಬರಿಗೆ ಒಂದೊಂದು ಬ್ಯಾಗು ಅಂತ ತುಂಬಬೇಡಿ. ಎಲ್ಲರ ಬಟ್ಟೆಯನ್ನೂ ಎಲ್ಲ ಬ್ಯಾಗಿಗೆ ಹಂಚಿ. ಒಂದು ಹಿಂದೆ ಉಳಿದರೂ ಎಲ್ಲರಿಗೂ ಒಂದು ಜೊತೆ ಇರುತ್ತದೆ. ಮದುವೆ ಹೊತ್ತಿಗೆ ಅಮ್ಮ ಹಾಕುವ ಬಟ್ಟೆ ಮಾತ್ರ ಕ್ಯಾಬಿನ್ ಬ್ಯಾಗಿನಲ್ಲೇ, ಅಂದರೆ ನಿಮ್ಮ ಜೊತೆ ವಿಮಾನದ ಒಳಗೆ ಬರುವ ಬ್ಯಾಗಿನಲ್ಲೇ ಬರಲಿ. ರೇಷ್ಮೆ ಆದರೆ ಮಡಿಕೆಯ ನಡುವೆ ತೆಳು ಕಾಗದ ಇಟ್ಟು ಸುತ್ತಿ.

ಇಲ್ಲಿ ಒಂದು ಎಚ್ಚರ. ವಿಮಾನ ತುಂಬಿದ್ದರೆ ಮೇಲಿನ ಜಾಗ ಸಾಲುವುದಿಲ್ಲ. ಆಗ ಗೇಟಿನಲ್ಲೇ ಕ್ಯಾಬಿನ್ ಬ್ಯಾಗನ್ನು ತೆಗೆದುಕೊಂಡು ಕೆಳಗಿನ ಸಾಮಾನಿನ ಕೋಣೆಗೆ ಹಾಕುತ್ತಾರೆ. ಆ ಕ್ಷಣದಲ್ಲಿ ಬ್ಯಾಗು ಬಿಚ್ಚಿ ಹುಡುಕಾಡಬೇಡಿ. ಒಡವೆ, ಔಷಧಿ, ಪವರ್ ಬ್ಯಾಂಕ್, ಕಾಗದಪತ್ರ ನಾಲ್ಕೂ ಒಂದು ಚಿಕ್ಕ ಚೀಲದಲ್ಲಿರಲಿ. ಮೇಲುಗಡೆಯೇ ಇರಲಿ. ಎಳೆದು ಹೆಗಲಿಗೆ ಹಾಕಿಕೊಂಡರೆ ಮುಗಿಯಿತು. ಪವರ್ ಬ್ಯಾಂಕ್ ಕೆಳಗೆ ಹೋಗಲೇಬಾರದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ಸಿಬ್ಬಂದಿ ಆರಿಸಬಲ್ಲರು, ಸಾಮಾನಿನ ಕೋಣೆಗೆ ಯಾರೂ ಹೋಗಲಾಗುವುದಿಲ್ಲ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಅಂತ ಬರೆದಿರುವುದು ಸುಮಾರು 74 ಬರುತ್ತದೆ, ತೊಂದರೆ ಇಲ್ಲ.

ಬ್ಯಾಗಿನ ಮೇಲಿನ ಹಳೇ ಟ್ಯಾಗು, ಬಾರ್‌ಕೋಡ್ ಚೀಟಿ ಎಲ್ಲ ಕಿತ್ತುಹಾಕಿ, ಯಂತ್ರ ಹಳೆಯದನ್ನು ಓದಿಬಿಡಬಹುದು. ಕೌಂಟರಿನವರು ಹೊಸ ಟ್ಯಾಗು ಕಟ್ಟಿದ ಮೇಲೆ ಅದರಲ್ಲಿ ನೀವು ಹೋಗುವ ಊರಿನ ಮೂರಕ್ಷರದ ಕೋಡ್ ಇದೆಯಾ ಅಂತ ನೀವೇ ನೋಡಿ. ಹತ್ತಂಕಿ ಇರುವ ಆ ಚೀಟಿಯನ್ನು ಇಟ್ಟುಕೊಳ್ಳಿ. ಬ್ಯಾಗಿನ ಫೋಟೊ ತೆಗೆದಿಡಿ. ಹೆಸರು, ಫೋನ್ ನಂಬರನ್ನು ಒಳಗೂ ಒಂದು ಕಾಗದದಲ್ಲಿ ಬರೆದು ಹಾಕಿ.

ಹಸಿರುಬಾಗಿಲು ಬರೆದಿದ್ದಾರೆ:

ಒಡವೆಗೆ ಇಷ್ಟೆಲ್ಲ ಯಾಕೆ? ಮೈಮೇಲೆ ಹಾಕಿಕೊಂಡೇ ಹೋಗಿ. ಮೈಮೇಲಿದ್ದರೆ ಕಳೆಯುವ ಮಾತೇ ಇಲ್ಲ.

ಹಳೇಕೌಂಟರ್ ಬರೆದಿದ್ದಾರೆ:

ದಯವಿಟ್ಟು ಬೇಡ. ಒಂದೆರಡು ಸಣ್ಣ ಒಡವೆ ಆದರೆ ಸರಿ. ಜಾಸ್ತಿ ಇದ್ದರೆ ಲೋಹ ಪತ್ತೆ ಮಾಡುವ ಗೇಟು ಕೂಗುತ್ತದೆ. ಆಗ ಹಿಂದೆ ಕ್ಯೂ ನಿಂತಿರುತ್ತದೆ, ಅವಸರದಲ್ಲಿ ಒಂದೊಂದೇ ಬಿಚ್ಚಿ ಟ್ರೇಗೆ ಹಾಕುತ್ತಾರೆ. ಮರೆತುಹೋಗುವುದು ಅಲ್ಲೇ. ಒಂದೇ ಪೌಚಿನಲ್ಲಿ ಹಾಕಿ ಚೀಲದ ಒಳಗಿಟ್ಟು ಎಕ್ಸ್-ರೇಗೆ ಕಳಿಸಿ. ಬಿಚ್ಚಿ ತೋರಿಸಬೇಕು ಅಂದರೆ ಎಲ್ಲರ ಎದುರು ಬೇಡ, ಪಕ್ಕದ ಕೋಣೆಯಲ್ಲಿ ನೋಡಿ ಅಂತ ಕೇಳಿಕೊಳ್ಳಬಹುದು.

ಇನ್ನೊಂದು ಮಾತು ನೆನಪಾಯಿತು. ಉಡುಗೊರೆಗೆ ಬಣ್ಣದ ಕಾಗದ ಸುತ್ತಿ ತರಬೇಡಿ. ಅನುಮಾನ ಬಂದರೆ ಬಿಚ್ಚಿಸುತ್ತಾರೆ. ಕಾಗದವನ್ನು ಮಡಚಿ ಒಯ್ದು ಅಲ್ಲೇ ಹೋಗಿ ಸುತ್ತಿ. ಕತ್ತರಿ ಬೇಕಾದರೆ ಕೆಳಗೆ ಹೋಗುವ ಬ್ಯಾಗಿಗೆ.

ಅವಳಿಅಮ್ಮ ಬರೆದಿದ್ದಾರೆ:

ಮಗು ವಿಷಯ ನಾನು ಹೇಳುತ್ತೇನೆ. ಅವಳಿ ಮಕ್ಕಳನ್ನು ಎರಡು ವರ್ಷ ತುಂಬುವ ಮೊದಲೇ ನಾಲ್ಕು ಸಲ ವಿಮಾನದಲ್ಲಿ ಕರೆದುಕೊಂಡು ಹೋಗಿದ್ದೇನೆ.

ಕಿವಿ ನೋವು ಏರುವಾಗ ಕಡಿಮೆ, ಇಳಿಯುವಾಗ ಜಾಸ್ತಿ. ವಿಮಾನ ಇಳಿಯುತ್ತಾ ಬಂದಂತೆ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಕಿವಿಯಿಂದ ಗಂಟಲಿಗೆ ಹೋಗುವ ಸಣ್ಣ ಕೊಳವೆ ತೆರೆದರೆ ಎರಡೂ ಕಡೆ ಒತ್ತಡ ಸಮ ಆಗುತ್ತದೆ. ನಾವು ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ಮಕ್ಕಳಲ್ಲಿ ಆ ಕೊಳವೆ ಇನ್ನೂ ಕಿರಿದು, ಅವರಿಗೆ ನುಂಗು ಅಂತ ಹೇಳಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಇಳಿಯುವ ಹೊತ್ತಿಗೆ ಹಾಲು ಕುಡಿಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಮಗು ಮಲಗಿದೆ, ಪಾಪ ಮಲಗಲಿ ಅಂತ ಬಿಡುತ್ತಾರೆ. ನಿದ್ದೆಯಲ್ಲಿ ನುಂಗುವುದು ತೀರಾ ಕಡಿಮೆ. ಆಮೇಲೆ ನೋವಿಗೇ ಎಚ್ಚರ ಆಗಿ ಕಿರುಚುತ್ತದೆ. ಇಳಿಯಲು ಅರ್ಧ ಗಂಟೆ ಇರುವಾಗಲೇ ಎಬ್ಬಿಸಿ. ಹಾಲನ್ನು ಸ್ವಲ್ಪ ಸ್ವಲ್ಪ ಕೊಡಿ, ನೆಲ ಮುಟ್ಟುವವರೆಗೆ ಬರಬೇಕು. ಹೊರಡುವ ವಾರ ನೆಗಡಿ ಅಥವಾ ಕಿವಿ ಸೋಂಕು ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ನಿದ್ದೆ ಬರಲಿ ಅಂತ ಯಾರಾದರೂ ಔಷಧಿ ಕೊಡಿ ಅಂದರೆ ಕೇಳಬೇಡಿ.

ಎರಡು ವರ್ಷದೊಳಗಿನ ಮಗು ತೊಡೆ ಮೇಲೆ ಕೂರಬಹುದು, ಆದರೆ ಬುಕಿಂಗಿನಲ್ಲಿ ಅವಳ ಹೆಸರು ಇರಲೇಬೇಕು. ವಯಸ್ಸಿನ ದಾಖಲೆ ಜೊತೆಗಿರಲಿ. ನಾವು ಅವಳಿಗಳನ್ನು ಒಂದೇ ಸಾಲಿನ ಒಂದೇ ಕಡೆ ಕೂರಿಸಿಕೊಳ್ಳಲು ಹೋದಾಗ ಸಿಬ್ಬಂದಿ ಬಿಡಲಿಲ್ಲ. ಆಮೇಲೆ ಕಾರಣ ಹೇಳಿದರು. ಸಾಲಿನ ಒಂದು ಕಡೆಗೆ ಸಾಮಾನ್ಯವಾಗಿ ಒಂದೇ ಒಂದು ಆಕ್ಸಿಜನ್ ಮಾಸ್ಕ್ ಹೆಚ್ಚಿಗೆ ಇರುತ್ತದೆ. ಮದುವೆಗೆ ಹೋಗುವ ನಿಮ್ಮ ಕಡೆಯವರು ಇನ್ಯಾರಾದರೂ ಮಗು ಜೊತೆ ಅದೇ ವಿಮಾನದಲ್ಲಿದ್ದರೆ ಇದು ನೆನಪಿರಲಿ.

ಮಗುವಿಗೆ ಎರಡು ಜೊತೆ ಬಟ್ಟೆ ಕೈಯಲ್ಲಿಟ್ಟುಕೊಳ್ಳಿ. ನಿಮಗೂ ಒಂದು. ನಿಮ್ಮದನ್ನೇ ಎಲ್ಲರೂ ಮರೆಯುವುದು.

ಸಂಜೆಗಾಳಿ ಬರೆದಿದ್ದಾರೆ:

ನಿಮ್ಮ ಅಮ್ಮನ ಮಾತು ಓದಿ ನನ್ನ ಅಪ್ಪ ಕಣ್ಣ ಮುಂದೆ ಬಂದರು. ಅವರೂ ಹೀಗೇ. ನಾನು ಮೊದಲು "ನಿಮಗೆ ನಡೆಯೋಕಾಗಲ್ಲ" ಅಂದಿದ್ದೆ. ಅದು ತಪ್ಪು ಮಾತು. ಅವರು ದಿನಾ ನಡೆಯುತ್ತಾರೆ. ವಿಮಾನ ನಿಲ್ದಾಣದಲ್ಲಿ ಕಷ್ಟ ಆಗುವುದು ನಡೆಯುವುದಲ್ಲ, ನಿಲ್ಲುವುದು. ಕೌಂಟರ್ ಮುಂದೆ ನಿಲ್ಲಬೇಕು, ತಪಾಸಣೆಗೆ ನಿಲ್ಲಬೇಕು, ಗೇಟಿನಲ್ಲಿ ನಿಲ್ಲಬೇಕು, ಆಮೇಲೆ ಬಸ್ಸಿನಲ್ಲಿ. ಅದನ್ನು ಹಾಗೇ ಬಿಡಿಸಿ ಹೇಳಿದಾಗ ಅಪ್ಪ ಸುಮ್ಮನಾದರು.

ನೀವು ಈಗಲೇ ಏರ್‌ಲೈನಿಗೆ ತಿಳಿಸಿ ಗಾಲಿಕುರ್ಚಿ ಹಾಕಿಸಿಡಿ. ಕನಿಷ್ಠ 48 ಗಂಟೆ ಮೊದಲು ಹೇಳಿ ಅನ್ನುತ್ತಾರೆ. ಅಮ್ಮ ಆ ದಿನ ಬೇಡ ಅಂದರೆ ಬೇಡ, ಬಲವಂತ ಇಲ್ಲ. ಆದರೆ ಕೊನೆ ಗಳಿಗೆಯಲ್ಲಿ ಬೇಕು ಅಂದಾಗ ಸಿಗುವುದು ಕಷ್ಟ.

ಲೋಹದ ಮಂಡಿ ಇದೆ ಅಂತ ಗೇಟಿನ ಒಳಗೆ ಹೋಗುವ ಮೊದಲೇ ಭದ್ರತಾ ಸಿಬ್ಬಂದಿಗೆ ಹೇಳಿ. ಡಾಕ್ಟರ್ ಚೀಟಿ ಇದ್ದರೆ ತೋರಿಸಿ, ಆದರೆ ಚೀಟಿ ಇದ್ದರೂ ಕೈಯಿಂದ ತಪಾಸಣೆ ಮಾಡುತ್ತಾರೆ. ಇದನ್ನು ಅಮ್ಮನಿಗೆ ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ತಮ್ಮನ್ನೇ ಯಾಕೆ ಪಕ್ಕಕ್ಕೆ ಕರೆದರು ಅಂತ ಗಾಬರಿಯಾಗುತ್ತಾರೆ.

ಸೀಟು ಓಡಾಡುವ ದಾರಿಯ ಪಕ್ಕದ್ದು ತೆಗೆದುಕೊಳ್ಳಿ, ಎಡ ಕಾಲು ಚಾಚಲು ಬರುವ ಕಡೆ. ವಿಮಾನದ ಒಳಗಿನ ಗಾಳಿ ತುಂಬಾ ಒಣಗಿರುತ್ತದೆ, ತೇವಾಂಶ ಹೆಚ್ಚಾಗಿ ನೂರಕ್ಕೆ 20ಕ್ಕಿಂತ ಕಡಿಮೆ. ವಯಸ್ಸಾದವರು ಎದ್ದು ಹೋಗಬೇಕಲ್ಲ ಅಂತ ನೀರೇ ಕುಡಿಯುವುದಿಲ್ಲ. ಟಾಯ್ಲೆಟ್ ಹತ್ತಿರದ ಸೀಟು ಸಿಕ್ಕರೆ ಆ ಸಂಕೋಚ ಇರುವುದಿಲ್ಲ.

ದೊಡ್ಡಮಗಳು ಬರೆದಿದ್ದಾರೆ:

ಎಲ್ಲರಿಗೂ ಮನಸಾರೆ ಧನ್ಯವಾದ. ಗಂಡನಿಗೂ ಓದಿಸಿದೆ. ಹಿಂದಿನ ದಿನದ ಮೊದಲ ವಿಮಾನವೇ, ನೇರ ವಿಮಾನವೇ ಬುಕ್ ಮಾಡಿದೆವು. ಗಾಲಿಕುರ್ಚಿಯನ್ನೂ ಹಾಕಿಸಿದೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಇಷ್ಟೆಲ್ಲ ಮಾಡಿಯೂ ಬ್ಯಾಗು ಬರದಿದ್ದರೆ?

ಹಳೇಕೌಂಟರ್ ಬರೆದಿದ್ದಾರೆ:

ಹೊರಗೆ ಹೋಗಬೇಡಿ. ಬ್ಯಾಗು ಬರುವ ಜಾಗದಲ್ಲೇ ಅದಕ್ಕೊಂದು ಕೌಂಟರ್ ಇರುತ್ತದೆ. ಅಲ್ಲೇ ದೂರು ಬರೆಸಿ, ನಂಬರ್ ಇರುವ ಕಾಗದ ತೆಗೆದುಕೊಳ್ಳಿ. ನಿಮ್ಮ ಮನೆ ವಿಳಾಸ ಕೊಡಬೇಡಿ, ಮದುವೆಗೆ ಉಳಿದುಕೊಳ್ಳುವ ಜಾಗದ ವಿಳಾಸ ಕೊಡಿ. ಅವಸರದಲ್ಲಿ ತುಂಬಾ ಜನ ಮನೆ ವಿಳಾಸ ಕೊಟ್ಟು, ಬ್ಯಾಗು ವಾಪಸ್ಸು ಮನೆಗೇ ಹೋದದ್ದಿದೆ. ಒಂದು ದೇಶದಿಂದ ಇನ್ನೊಂದಕ್ಕೆ ಹಾರುವುದಾದರೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಬ್ಯಾಗಿಗೆ ಪೆಟ್ಟಾಗಿದ್ದರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ದರೆ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ದೇಶದ ಒಳಗೆ ಆದರೆ ಟಿಕೆಟ್ಟಿನ ಷರತ್ತು ನೋಡಿ.

ದೊಡ್ಡಮಗಳು ಬರೆದಿದ್ದಾರೆ:

ಮದುವೆ ಮುಗಿಸಿ ನಿನ್ನೆ ಬಂದೆವು. ಇಷ್ಟು ಜನ ಹೇಳಿಕೊಟ್ಟಿದ್ದೀರಿ, ಏನಾಯಿತು ಅಂತ ಹೇಳಬೇಕಲ್ವಾ.

ಮೊದಲ ವಿಮಾನವೇ ಮಂಜಿನಿಂದ ಮೂರು ಗಂಟೆ ತಡ. ಮದುವೆ ದಿನ ಹೊರಟಿದ್ದರೆ ತಂಗಿ ಮದುವೆ ತಪ್ಪಿಯೇ ಹೋಗುತ್ತಿತ್ತು. ಗಂಡ ಅದನ್ನು ತಾವಾಗಿಯೇ ಹೇಳಿದರು. ಗೇಟಿನಲ್ಲಿ ನಿಜಕ್ಕೂ ನಮ್ಮ ಒಂದು ಕ್ಯಾಬಿನ್ ಬ್ಯಾಗು ತೆಗೆದುಕೊಂಡರು. ಒಡವೆ ಚೀಲ ಎಳೆದು ಹೆಗಲಿಗೆ ಹಾಕಿಕೊಂಡೆ, ಅಮ್ಮನ ಬಟ್ಟೆಯ ಕಟ್ಟನ್ನು ಮಗುವಿನ ಹೊದಿಕೆಯೊಳಗೆ ಸುತ್ತಿ ಅಪ್ಪಿಕೊಂಡೆ. ಕೆಳಗೆ ಹಾಕಿದ ಬ್ಯಾಗುಗಳೆಲ್ಲ ಬಂದವು.

ಮಗಳನ್ನು ಅರ್ಧ ಗಂಟೆ ಮೊದಲೇ ಎಬ್ಬಿಸಿದೆ. ಬಾಟಲಿ ಐದು ನಿಮಿಷ ಮುಂಚೆಯೇ ಖಾಲಿಯಾಯಿತು, ಕೊನೆಗೆ ಸ್ವಲ್ಪ ಅತ್ತಳು. ಬರುವಾಗ ಇನ್ನೂ ನಿಧಾನವಾಗಿ ಕೊಟ್ಟೆ, ಅಳಲೇ ಇಲ್ಲ.

ಮದುವೆಯಲ್ಲಿ ಅಮ್ಮ ತಮ್ಮದೇ ಬಟ್ಟೆಯಲ್ಲಿ ನಿಂತಿದ್ದರು. ಆಲ್ಬಮ್ ಇನ್ನೂ ಬಂದಿಲ್ಲ. ಗಂಡ ಫೋನಿನಲ್ಲಿ ತೆಗೆದ ಒಂದು ಫೋಟೊ ಇದೆ, ಅಮ್ಮನ ಎರಡೂ ಕೈ ತಂಗಿಯ ಕೆನ್ನೆ ಮೇಲಿದೆ. ಅದನ್ನು ತಮ್ಮನಿಗೆ ಕಳಿಸಿದೆ. ಅವನು ತಕ್ಷಣ ಫೋನ್ ಮಾಡಿ ಅಮ್ಮನ ಹತ್ತಿರ ತುಂಬಾ ಹೊತ್ತು ಮಾತಾಡಿದ.

ವಾಪಸ್ಸು ಬರುವಾಗ ಒಂದು ಬ್ಯಾಗಿನ ಚಕ್ರ ಮುರಿದಿತ್ತು. ಹೊರಗೆ ಹೋಗದೆ ಅಲ್ಲೇ ಬರೆಸಿ ಕಾಗದ ತೆಗೆದುಕೊಂಡೆವು, ಏನು ಹೇಳುತ್ತಾರೋ ನೋಡಬೇಕು.

ಸಂಜೆಗಾಳಿ ಅವರೇ, ಹೋಗುವಾಗ ಅಮ್ಮ ಕುರ್ಚಿ ಬೇಡವೇ ಬೇಡ ಅಂದರು. ತಪಾಸಣೆ ದಾಟಿದ ಮೇಲೆ ಆ ಉದ್ದ ಓಣಿಯ ಅರ್ಧಕ್ಕೆ ಬಂದು ನಿಂತು, ನನ್ನ ಮುಖ ನೋಡದೆ "ಕುರ್ಚಿ ಹೇಳಿದ್ದೆಯಲ್ಲ, ಅದು ಇನ್ನೂ ಇರತ್ತಾ?" ಅಂತ ಕೇಳಿದರು. ಹೆಸರು ಮೊದಲೇ ಹಾಕಿಸಿದ್ದರಿಂದ ಹತ್ತು ನಿಮಿಷದಲ್ಲಿ ಬಂತು. ಬರುವಾಗ ಕೌಂಟರಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವರೇ ಕೇಳಿಕೊಂಡು ಕೂತರು, ಮೊಮ್ಮಗಳನ್ನೂ ತೊಡೆ ಮೇಲೆ ಕೂರಿಸಿಕೊಂಡರು.