ಮನೆಯಲ್ಲಿ ಬಾಯಲ್ಲೇ ಲೆಕ್ಕ, ಟೆಸ್ಟ್‌ನಲ್ಲಿ ಖಾಲಿ ಹಾಳೆ

ಪ್ರಶ್ನೆ (ತಾಯಿ, ಶಿಡ್ಲಘಟ್ಟ): ನಮಸ್ತೆ ಮೇಡಂ. ಮಗಳು ಒಂಬತ್ತನೇ ಕ್ಲಾಸು. ನಮ್ಮದು ರೇಷ್ಮೆ ಬೆಳೆಯುವ ಮನೆ. ಗೂಡು ಮಾರಿ ಬಂದ ದಿನ ಅವರ ತಾತ "62 ಕೆಜಿ, ಕೆಜಿಗೆ 480 ರೂಪಾಯಿ, ಎಷ್ಟಾಯ್ತಮ್ಮ?" ಅಂದರೆ ಪೆನ್ನು ಹಿಡಿಯದೆ 29,760 ಅನ್ನುತ್ತಾಳೆ. ಅದೇ ಹುಡುಗಿ ಗಣಿತದ ಟೆಸ್ಟ್‌ನಲ್ಲಿ 20ಕ್ಕೆ 6 ತಂದಳು. "ಪೇಪರ್ ನೋಡಿದ ತಕ್ಷಣ ಎಲ್ಲ ಮರೆತುಹೋಯ್ತು" ಅಂತ ಅತ್ತಳು. ನೆನಪಿನ ಶಕ್ತಿಗೆ ಟಾನಿಕ್ ಕೊಡಿಸಲಾ?

ಉತ್ತರ (ಆಪ್ತಸಮಾಲೋಚಕಿ, ಚಿಕ್ಕಬಳ್ಳಾಪುರ): ಟಾನಿಕ್ ಬೇಡಮ್ಮ. ನೀವು ಹೇಳಿದ ಲೆಕ್ಕವನ್ನೇ ನೋಡಿ. 60ಕ್ಕೆ 28,800. ಅದನ್ನು ತಲೆಯಲ್ಲಿ ಹಿಡಿದುಕೊಂಡೇ 2ಕ್ಕೆ 960 ಮಾಡಿ ಕೂಡಿಸಬೇಕು. ಹೀಗೆ ಒಂದನ್ನು ಹಿಡಿದುಕೊಂಡು ಇನ್ನೊಂದು ಮಾಡುವ ಶಕ್ತಿಗೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಎಲ್ಲರಿಗೂ ಅದು ಸ್ವಲ್ಪವೇ ಇರುವುದು. ಟೆಸ್ಟ್‌ನಲ್ಲಿ "ಬರದೇ ಹೋದ್ರೆ? ಮಿಸ್ ಏನಂತಾರೆ?" ಅನ್ನುವ ಮಾತು ಒಳಗೇ ಓಡುತ್ತಿರುತ್ತದೆ. ಅದೂ ಬಂದು ಅದೇ ಜಾಗದಲ್ಲಿ ಕೂರುತ್ತದೆ. ಲೆಕ್ಕಕ್ಕೆ ಜಾಗ ಸಾಲುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಕ್ ಆಶ್‌ಕ್ರಾಫ್ಟ್, ಎಲಿಜಬೆತ್ ಕರ್ಕ್ 2001ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಕೆಲವು ಅಕ್ಷರಗಳನ್ನು ನೆನಪಿಟ್ಟುಕೊಂಡೇ ಕೂಡುವ ಲೆಕ್ಕ ಮಾಡಿ ಅಂದರು. ಗಣಿತದ ಭಯ ಜಾಸ್ತಿ ಇದ್ದವರು ಹೆಚ್ಚು ಎಡವಿದ್ದು ದಶಕ ಬರುವ ಲೆಕ್ಕಗಳಲ್ಲಿ. ಅಂದರೆ ತಲೆಯಲ್ಲಿ ಒಂದನ್ನು ಹಿಡಿದಿಟ್ಟುಕೊಳ್ಳಬೇಕಾದ ಕಡೆ.

ನಿಮಗೆ ಇನ್ನೊಂದು ಮಾತು ಹೇಳಲೇಬೇಕು. ಚಿಕ್ಕ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಭಯದಿಂದ ಜಾಸ್ತಿ ಹಿಂದೆ ಬಿದ್ದಿದ್ದು ವರ್ಕಿಂಗ್ ಮೆಮೊರಿ ಚೆನ್ನಾಗಿದ್ದ ಮಕ್ಕಳೇ. ಅವರು ಎಲ್ಲವನ್ನೂ ತಲೆಯಲ್ಲೇ ಮಾಡುತ್ತಾರೆ. ಆ ಜಾಗವನ್ನೇ ಭಯ ಹಿಡಿದುಕೊಂಡರೆ ಏನು ಮಾಡಬೇಕು ಅವರು? ನಿಮ್ಮ ಮಗಳು ಇಂಥವಳೇ ಅನಿಸುತ್ತದೆ. ಹಾಗಾಗಿ ಬಾಯಿಲೆಕ್ಕ ಬಂದರೂ ಟೆಸ್ಟ್‌ನಲ್ಲಿ ಪ್ರತಿ ಹಂತವನ್ನೂ ಹಾಳೆ ಮೇಲೆ ಬರೆಯಲಿ. ಹಂತಕ್ಕೂ ಅಂಕ ಇರುತ್ತದೆ, ಅಲ್ವಾ?

ಟೆಸ್ಟ್‌ಗೆ ಮುಂಚೆ ಹತ್ತು ನಿಮಿಷ, ಏನು ಭಯ ಅಂತ ಬಿಡಿಸಿ ಬರೆಯಲು ಹೇಳಿ. ಶಿಕಾಗೊ ವಿಶ್ವವಿದ್ಯಾಲಯದ ಜೆರಾರ್ಡೊ ರಾಮಿರೆಜ್, ಸಿಯಾನ್ ಬೈಲಾಕ್ 2011ರಲ್ಲಿ ಇದನ್ನು ಮಾಡಿಸಿದಾಗ, ಪರೀಕ್ಷೆಯ ಭಯ ಇದ್ದ ಮಕ್ಕಳ ಅಂಕ ಏರಿತು. ಆದರೆ ಓದದೆ ಸುಮ್ನೆ ಭಯ ಬರೆದರೆ ಏನೂ ಬರುವುದಿಲ್ಲ. ಅಭ್ಯಾಸ ಬೇಕೇ ಬೇಕು.

ಊಟ, ನಿದ್ದೆ ಕೆಟ್ಟರೆ, ಶಾಲೆಗೇ ಹೋಗಲ್ಲ ಅಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಪ್ರಶ್ನೆ (ತಂದೆ, ಮಾಲೂರು): ನನ್ನ ಮಗ ಎರಡನೇ ಕ್ಲಾಸು ಮೇಡಂ. ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡ್ತೀನಿ. ನನಗೂ ಚಿಕ್ಕಂದಿನಿಂದ ಗಣಿತ ಅಂದರೆ ಆಗಲ್ಲ, ಬೇಗ ಸಿಟ್ಟು ಬರುತ್ತೆ. ಇದು ಅವನಿಗೂ ಅಂಟುತ್ತಾ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು ಸರ್. 2015ರಲ್ಲಿ ಅಮೆರಿಕದಲ್ಲಿ ಒಂದು, ಎರಡನೇ ಕ್ಲಾಸಿನ ಮಕ್ಕಳನ್ನು ಗಮನಿಸಿದರು. ಗಣಿತಕ್ಕೆ ಹೆದರುವ ಅಪ್ಪ ಅಮ್ಮ ಪದೇ ಪದೇ ಹೋಂವರ್ಕ್‌ಗೆ ಕೂತ ಮನೆಯ ಮಕ್ಕಳು ಆ ವರ್ಷ ಗಣಿತ ಕಲಿತದ್ದು ಕಡಿಮೆ, ಭಯವೂ ಜಾಸ್ತಿ. ಅಷ್ಟಾಗಿ ಕೂರದ ಮನೆಗಳಲ್ಲಿ ಹಾಗಾಗಲಿಲ್ಲ. ಸ್ವಲ್ಪ ದಿನ ಹೋಂವರ್ಕ್ ಬೇರೆಯವರು ನೋಡಲಿ, ಅಕ್ಕನೋ ಚಿಕ್ಕಪ್ಪನೋ. ನೀವು ಅವನನ್ನು ಸಂತೆಗೆ ಕರೆದುಕೊಂಡು ಹೋಗಿ, ಚಿಲ್ಲರೆ ಎಣಿಸಲು ಕೊಡಿ. ತಪ್ಪಿದರೆ "ಹೆಂಗೆ ಮಾಡಿದೆ, ಇನ್ನೊಂದ್ಸಲ ಹೇಳು" ಅಂತ ಕೇಳಿ. "ನಮ್ಮ ವಂಶಕ್ಕೇ ಲೆಕ್ಕ ಹತ್ತಲ್ಲ" ಅನ್ನೋ ಮಾತು ಮಾತ್ರ ಅವನ ಎದುರಿಗೆ ಬೇಡ.

ಪ್ರಶ್ನೆ (ತಾಯಿ, ಶಿಡ್ಲಘಟ್ಟ): ಮೇಡಂ, ಮಗಳು ತನ್ನ ಭಯ ಬರೆದ ಹಾಳೆಯನ್ನು ನಾನು ಓದಬಹುದಾ?

ಉತ್ತರ: ಅವಳಾಗಿ ತೋರಿಸಿದರೆ ಓದಿ. ಹರಿದು ಹಾಕಿದರೆ ಬಿಟ್ಟುಬಿಡಿ.