ಸಹಾಯ ಬೇಕು: ಡಾಕ್ಸೊರುಬಿಸಿನ್‌ನಿಂದ ಹೃದಯಕ್ಕಾಗುವ ಹಾನಿಯ ಚಿತ್ರದಲ್ಲಿ ಮುಖ್ಯ ಬಾಣ ಯಾವುದು?

ಎಲ್ಲರಿಗೂ ನಮಸ್ಕಾರ. ಪೆಥಾಲಜಿ ವಿದ್ಯಾರ್ಥಿಗಳಿಗಾಗಿ ಒಂದು ಪುಟದ ಟಿಪ್ಪಣಿ ಸಿದ್ಧವಾಗುತ್ತಿದೆ; ಅದರಲ್ಲಿ ಹಾನಿಯ ಕಾರಣಗಳನ್ನು ಬಾಣಗಳಿಂದ ತೋರಿಸುವ ಒಂದು ಚಿತ್ರವಿದೆ. ಕ್ಯಾನ್ಸರ್ ಮತ್ತು ಹೃದ್ರೋಗ ಎರಡನ್ನೂ ಒಟ್ಟಿಗೆ ಅರ್ಥ ಮಾಡಿಸಲು ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಗೆಡ್ಡೆಯ ಕೋಶದಲ್ಲಿ ಔಷಧದ ಗುರಿ ಟೊಪೊಐಸೊಮರೇಸ್ 2 ಆಲ್ಫಾ, ಅಂದರೆ ಡಿಎನ್‌ಎಯನ್ನು ಕತ್ತರಿಸಿ ಮತ್ತೆ ಜೋಡಿಸುವ ಕಿಣ್ವ. ವಯಸ್ಕರ ಹೃದಯದ ಸ್ನಾಯುಕೋಶದಲ್ಲಿ ಮುಖ್ಯವಾಗಿ ಇರುವುದು ಅದೇ ಕಿಣ್ವದ ಇನ್ನೊಂದು ರೂಪವಾದ ಬೀಟಾ. ಔಷಧ ಅದನ್ನು ಹಿಡಿದುಕೊಂಡರೆ ಡಿಎನ್‌ಎಯ ಎರಡೂ ಎಳೆಗಳು ತುಂಡಾಗುತ್ತವೆ, ಮೈಟೊಕಾಂಡ್ರಿಯಾ ಕಟ್ಟುವ ಜೀನ್‌ಗಳ ಕೆಲಸ ಕುಗ್ಗುತ್ತದೆ. ಸತ್ತ ಸ್ನಾಯುಕೋಶದ ಜಾಗವನ್ನು ನಾರು ಅಂಗಾಂಶ ತುಂಬುತ್ತದೆ. ಹಾಗಾಗಿಯೇ ಹಾನಿ ಡೋಸ್‌ನಿಂದ ಡೋಸ್‌ಗೆ ಕೂಡುತ್ತಾ ಹೋಗುತ್ತದೆ. 2003ರ ಒಂದು ವಿಶ್ಲೇಷಣೆಯಲ್ಲಿ ಒಟ್ಟು ಡೋಸ್ ಚದರ ಮೀಟರ್‌ಗೆ 400 ಮಿ.ಗ್ರಾಂ. ಆದಾಗ ಸುಮಾರು 5% ರೋಗಿಗಳಲ್ಲಿ, 550 ಆದಾಗ ಸುಮಾರು 26% ರೋಗಿಗಳಲ್ಲಿ ಹೃದಯ ವೈಫಲ್ಯ ಕಂಡಿತ್ತು.

ತೊಡಕು ಇಲ್ಲಿದೆ. ಹಳೆಯ ಪಠ್ಯಗಳು ಕಬ್ಬಿಣ ಮತ್ತು ಫ್ರೀ ರ‍್ಯಾಡಿಕಲ್‌ಗಳನ್ನೇ (ಕೋಶಕ್ಕೆ ಹಾನಿ ಮಾಡುವ ಚುರುಕಾದ ಕಣಗಳು) ಮೂಲ ಕಾರಣ ಎನ್ನುತ್ತವೆ. ಆದರೆ ಎನ್-ಅಸಿಟೈಲ್‌ಸಿಸ್ಟೀನ್‌ನಂಥ ಆಂಟಿಆಕ್ಸಿಡೆಂಟ್‌ಗಳು ರೋಗಿಗಳ ಹೃದಯವನ್ನು ಕಾಪಾಡಲಿಲ್ಲ. ಡಾಕ್ಸೊರುಬಿಸಿನ್‌ನ ಹತ್ತು ಪಟ್ಟು (10:1) ಡೋಸ್‌ನಲ್ಲಿ ಕೊಡುವ ಡೆಕ್ಸ್‌ರಜಾಕ್ಸೇನ್ ಎಂಬ ಔಷಧ ಕಾಪಾಡುತ್ತದೆ. ಅದು ಕಬ್ಬಿಣವನ್ನೂ ಹಿಡಿಯುತ್ತದೆ, ಕೋಶದಲ್ಲಿ ಬೀಟಾದ ಪ್ರಮಾಣವನ್ನೂ ಇಳಿಸುತ್ತದೆ. ಹೃದಯದ ಸ್ನಾಯುಕೋಶಗಳಿಂದ ಬೀಟಾ ಜೀನ್ ತೆಗೆದ ಇಲಿಗಳ ಹೃದಯ ಉಳಿದದ್ದು ನೋಡಿದರೆ ದಪ್ಪ ಬಾಣ ಬೀಟಾಗೇ ಸಲ್ಲಬೇಕು ಅನ್ನಿಸುತ್ತದೆ.

ಕಬ್ಬಿಣವನ್ನು ಇದರ ಮುಂದಿನ ಹಂತವಾಗಿ ತೋರಿಸಬೇಕೇ, ಬೇರೆ ದಾರಿಯಾಗಿಯೇ? ಇದನ್ನು ಪಾಠ ಮಾಡಿದವರು ದಯವಿಟ್ಟು ಕಾರಣ ಸಮೇತ ತಿಳಿಸಿ. ಕೋಶದೊಳಗಿನ ಗುಳ್ಳೆಗಳೂ ಸ್ನಾಯುತಂತುಗಳ ನಷ್ಟವೂ ಸ್ಪಷ್ಟವಾಗಿರುವ, ರೋಗಿಯ ಗುರುತಿಲ್ಲದ ಬಯಾಪ್ಸಿ ಚಿತ್ರವಿದ್ದರೆ ಅದೂ ಬೇಕು.